ದಂಟಿಗೆ ಮುಟ್ಟಿದ ಕಾಳು

ಪೂನಮ್ ತನ್ನ ಕಂಪ್ಯೂಟರಿನ ಪರದೆಯ ಮೇಲೆ ನಾನು ತೆಗೆದ ಫೋಟೋವನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ಅದರಲ್ಲಿ ಸೀರೆಯೂ ಉಳಿಯಲಿಲ್ಲ, ಕಸೂತಿಯೂ ಉಳಿಯಲಿಲ್ಲ. ಕಪ್ಪು ನೆಲದ ಮೇಲೆ ಯಾರೋ ರವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ತುಂಬಿಕೊಂಡವು. ಅವುಗಳ ನಡುವೆ ಎಲ್ಲಿಂದಲೋ ಬಂದ ಕೆಂಪು, ಹಸಿರು ಕಲೆಗಳು.

“ಗ್ರೇನ್ಸ್ ಭಾಳ ಬಂದಾವ್ರಿ ಸರ್. ಕತ್ತಲ್ಯಾಗ ತಗದೀರಿ ಅಲ್ಲ?” ಎಂದಳು ಅವಳು.

“ಕತ್ತಲಿ ಇರಲಿಲ್ಲ. ಬೆಳಕು ಸ್ವಲ್ಪ ಕಡಿಮಿ ಇತ್ತು,” ಎಂದೆ.

ಅವಳ ಗಂಡ ಅಜಿತ ಕ್ಯಾಮೆರಾ ಒರೆಸುತ್ತ ನಕ್ಕ. ಬೈಲಹೊಂಗಲದ ಬಜಾರದಲ್ಲಿ ಈ ಸ್ಟುಡಿಯೋ ತೆರೆಯುವುದಕ್ಕೆ ಬಹಳ ಮೊದಲು ಅವನು ಮೂರು ವರ್ಷ ನನ್ನ ತರಗತಿಯಲ್ಲಿ ಕುಳಿತು ಕನ್ನಡ ಕಲಿತವನು.

“ಸರ್ ಹಂಗೆಲ್ಲ ಒಪ್ಪಿಕೊಳ್ಳೂದಿಲ್ಲ, ಪೂನಮ್. ಒಂದ ಅನುಸ್ವಾರ ಬಿಟ್ಟಿದ್ದಕ್ಕ ನನ್ನ ಅರ್ಧ ಮಾರ್ಕ್ಸ್ ಕಳದಿದ್ರು.”

“ಎರಡು ಬಿಟ್ಟಿದ್ದಿ,” ಎಂದೆ.

ಆ ಫೋಟೋದ ಹಿನ್ನೆಲೆಯನ್ನು ಇಲ್ಲಿ ಹೇಳಬೇಕು. ನನ್ನ ಹೆಂಡತಿ ತಾರಾಬಾಯಿ ಕಸೂತಿ ಹಾಕುವವಳು. ಆ ವಿದ್ಯೆ ಅವಳಿಗೆ ತಾಯಿಯಿಂದ ಬಂದುದು. ನನ್ನ ಅತ್ತೆಯವರು ಚಚಡಿ ಊರಿನ ದೊಡ್ಡ ವಾಡೆಯಲ್ಲಿ ಕೆಲವು ವರ್ಷ ವಾಸವಾಗಿದ್ದಾಗ, ಅಲ್ಲಿಯ ಪಡಸಾಲೆಯ ಜಂತಿಗೆ ಗುಬ್ಬಿಗಳಿಗೆಂದು ತೂಗುಹಾಕುತ್ತಿದ್ದ ಜೋಳದ ತೆನೆಯನ್ನು ನೋಡಿ ತಾವೇ ಒಂದು ಚಿತ್ರವನ್ನು ಕಲ್ಪಿಸಿಕೊಂಡು, ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಬಿಳಿಯ ದಾರದಿಂದ ಹಾಕಿದರು. ಒಂದು ದಂಟು, ಅದರ ಎರಡೂ ಬದಿಗೆ ಕಾಳು, ಪಕ್ಕದಲ್ಲಿ ಒಂದು ಗುಬ್ಬಿ. ಕಸೂತಿಯ ಉಳಿದ ಚಿತ್ರಗಳಂತೆ ಇದರ ಎರಡು ಬದಿಗಳು ಸಮವಾಗಿರಲಿಲ್ಲ. ಗುಬ್ಬಿ ಇದ್ದ ಬದಿಯಲ್ಲಿ ಕೆಲವು ಕಾಳುಗಳನ್ನು ಅದು ತಿಂದುಬಿಟ್ಟಿತ್ತು. ಎಷ್ಟು ತಿಂದಿತ್ತೆಂಬುದು ಮಾತ್ರ ತಾರಾಬಾಯಿಗೆ ನೆನಪಿರಲಿಲ್ಲ.

ಈ ವರ್ಷ ಬೆಳಗಾವಿಯ ಕಣ್ಣಿನ ವೈದ್ಯರು ಅವಳ ದೃಷ್ಟಿಯ ನಡುಭಾಗ ಸವೆಯುತ್ತಿದೆಯೆಂದೂ, ಇಂಥ ಸೂಕ್ಷ್ಮ ಕೆಲಸಕ್ಕೆ ಈ ಚಳಿಗಾಲದವರೆಗೆ ಕಣ್ಣು ಒದಗಿದರೆ ದೊಡ್ಡದೆಂದೂ ಹೇಳಿದರು. ಅವಳು ಅಳಲಿಲ್ಲ. ಮನೆಗೆ ಬಂದವಳೇ, “ಅವ್ವನ ತೆನಿ ಒಂದ ಸೆರಗಿನ ಮ್ಯಾಲೆ ಹಾಕಿ ಸೂಜಿ ಇಡತೇನಿ,” ಎಂದಳು.

“ಯಾರ ಸಲುವಾಗಿ?” ಎಂದು ಕೇಳಿದೆ.

“ಯಾರ ಸಲುವಾಗಿನೂ ಅಲ್ಲ.”

ಆ ಸೀರೆ ರಾಮದುರ್ಗದಲ್ಲಿ ಅವಳ ತೀರಿಹೋದ ಅಣ್ಣನ ಹೆಂಡತಿ ಅನ್ನಪೂರ್ಣಾಬಾಯಿಯ ಬಳಿ ಇತ್ತು. ಶ್ರಾವಣದಲ್ಲಿ ನಾನೊಬ್ಬನೇ ಹೋದೆ. ಅದು ಪೂಜೆಗೆಂದು ತೆಗೆದಿಟ್ಟ ಮಡಿ ಸೀರೆ. ನಾನು ಬಸ್ಸಿನಿಂದಿಳಿದು ಬಂದವನು, ಮುಟ್ಟುವಂತಿರಲಿಲ್ಲ. ಆಕೆ ಒಳಕೋಣೆಯ ಟ್ರಂಕಿನ ಮುಚ್ಚಳ ತೆಗೆದು, ಮಡಿಕೆ ಬಿಚ್ಚದೆ, ಒಂದು ತೆನೆ ಮಾತ್ರ ಕಾಣುವಂತೆ ಸೆರಗನ್ನು ಎತ್ತಿ ಹಿಡಿದರು. ನಾನು ಹೊಸ್ತಿಲಿನಾಚೆ ನಿಂತು ಫೋನಿನಿಂದ ತೆಗೆದೆ. ಕರೆಂಟು ಇರಲಿಲ್ಲ. ಫೋನಿನಲ್ಲಿ ದೀಪವೊಂದಿದೆಯೆಂದು ನನಗೆ ತಿಳಿದದ್ದು ಅನಂತರ.

ನವರಾತ್ರಿಯ ಮುಂಚೆ ಮನೆ ಸಾರಿಸುವಾಗ ಅನ್ನಪೂರ್ಣಾಬಾಯಿ ಆ ಸೀರೆಯನ್ನು ಪಾತ್ರೆ ಮಾರುವವಳಿಗೆ ಕೊಟ್ಟು ಎರಡು ಸ್ಟೀಲಿನ ಡಬ್ಬಿ ತೆಗೆದುಕೊಂಡರು. ಸೀರೆಯ ಅಂಚು ಹರಿದಿತ್ತಂತೆ. ತಾರಾಬಾಯಿ ಫೋನಿನಲ್ಲಿ ಕೇಳಿದಾಗ ಆಕೆ ನಿರ್ಮಲವಾದ ಮನಸ್ಸಿನಿಂದಲೇ ಉತ್ತರಿಸಿದರು: “ನಿಮ್ಮವರು ಫೋಟೋ ತಕ್ಕೊಂಡು ಹೋಗ್ಯಾರಲ್ಲ, ಇನ್ನ ಸೀರಿ ಇಟ್ಕೊಂಡು ಏನ ಮಾಡೂದು ಅಂತ ಕೊಟ್ಟೆ.”

ಹೀಗೆ ಆ ತೆನೆಗೆ ಈ ಜಗತ್ತಿನಲ್ಲಿ ನನ್ನ ಫೋಟೋವೊಂದೇ ಗತಿಯಾಯಿತು.

ಪೂನಮ್ ಒಂದೇ ಫೋಟೋವನ್ನು ಮೂರು ಸಾಫ್ಟ್‌ವೇರುಗಳಲ್ಲಿ ತೆರೆದಳು. ಒಂದಕ್ಕೆ ನೀಲಿ ಗುರುತು, ಇನ್ನೊಂದಕ್ಕೆ ಕಿತ್ತಳೆ ಗುರುತು; ಮೂರನೆಯದು ಯಾರೋ ಪುಕ್ಕಟೆಯಾಗಿ ಹಂಚಿದ್ದು, ಅದಕ್ಕೆ ಗುರುತೂ ನೆಟ್ಟಗಿರಲಿಲ್ಲ. ಸವದತ್ತಿಯಲ್ಲಿ ಮಂಕು ದೀಪದ ಕೆಳಗೆ ತೆಗೆದ ಮದುವೆಯೊಂದರ ಫೋಟೋಗಳಿಗಾಗಿ ಅವರೂ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿತ್ತು.

“ನೀಲಿದು ಒರಸ್ತೈತ್ರಿ. ಕಿತ್ತಳಿದು ತಾನ ವಿಚಾರ ಮಾಡಿ, ಇಲ್ಲಿ ಏನ ಇದ್ದಿರಬೇಕು ಅಂತ ತುಂಬತೈತಿ. ಈ ಪುಕ್ಕಟೆದು ನಾವ್ ಹೇಳಿದಷ್ಟ ಮಾಡತೈತಿ, ಆದ್ರ ಹೇಳಾಕ ನಮಗ ಗೊತ್ತಿರಬೇಕ್ರಿ.”

ಪ್ರತಿಯೊಂದರಲ್ಲೂ ಎಡಬಲಕ್ಕೆ ಸರಿಸುವ ಪಟ್ಟಿಗಳಿದ್ದವು. ಒಂದು ಬಣ್ಣದ ಕಲೆಗೆ, ಒಂದು ಬೆಳಕಿನ ಚುಕ್ಕೆಗೆ, ಒಂದು ಅಂಚಿನ ಮೊನಚಿಗೆ, ಮತ್ತೊಂದು ಏತಕ್ಕೆಂದು ಪೂನಮ್‌ಳಿಗೂ ಖಚಿತವಿರಲಿಲ್ಲ. ಒಂದನ್ನು ಏರಿಸಿದರೆ ಇನ್ನೊಂದು ಇಳಿದ ಹಾಗೆ ಕಾಣುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ನನ್ನ ಮುಂದೆ ಒಂದೇ ತೆನೆಯ ಹದಿನೇಳು ರೂಪಗಳು ನಿಂತವು. ಮೂವತ್ತೆರಡು ವರ್ಷ ಮಕ್ಕಳ ಪ್ರಬಂಧಗಳಲ್ಲಿ ಅನಾವಶ್ಯಕವಾದ ಪದವನ್ನು ಗೆರೆ ಎಳೆದು ತೆಗೆದವನು ನಾನು. ಇಲ್ಲಿ ಆವಶ್ಯಕವಾದದ್ದು ಯಾವುದು, ಅನಾವಶ್ಯಕವಾದದ್ದು ಯಾವುದು ಎಂಬುದೇ ತಿಳಿಯಲಿಲ್ಲ.

ನೀಲಿ ಗುರುತಿನದು ಚುಕ್ಕೆಗಳನ್ನೆಲ್ಲ ಒರೆಸಿತು. ಜೊತೆಗೆ ಕಾಳುಗಳನ್ನೂ ಒರೆಸಿ, ಕಪ್ಪು ಬಟ್ಟೆಯ ಮೇಲೆ ಒಂದು ಬೋಳು ಕಡ್ಡಿಯನ್ನು ಉಳಿಸಿತು. ಪುಕ್ಕಟೆಯದರಲ್ಲಿ ಬಣ್ಣದ ಕಲೆಗಳು ಹೋದರೂ ರವೆ ಹಾಗೆಯೇ ಉಳಿಯಿತು. ಕಿತ್ತಳೆ ಗುರುತಿನದನ್ನು ಒತ್ತಿದಾಗ ಮಾತ್ರ ನಾನು ಕುರ್ಚಿಯಿಂದ ಮುಂದಕ್ಕೆ ಸರಿದೆ. ಪರದೆಯ ಮೇಲೆ ತೆನೆ ಮೂಡಿತು: ಮುತ್ತು ಪೋಣಿಸಿದಂತಹ ಕಾಳುಗಳು, ಕೊರಳು ಬಾಗಿಸಿದ ಗುಬ್ಬಿ, ಅದರ ಕಣ್ಣಲ್ಲಿ ಬೆಳಕು.

“ಇದ!” ಎಂದೆ. “ಇದರಾಗ ವಿಚಾರ ಮಾಡೂದೇನದ?”

“ಚಂದ ಐತ್ರಿ,” ಎಂದಳು ಪೂನಮ್. “ಆದ್ರ ಇಷ್ಟ ಚಂದ ಎಲ್ಲಿಂದ ಬಂತು ಅಂತ ನಂಗ ತಿಳೀವಲ್ದು.”

“ನೀ ಸುಮ್ನಿರು, ಸರ್ ಸೀರಿ ನೋಡಿ ಬಂದಾರ,” ಎಂದ ಅಜಿತ. ಕಾಳುಗಳನ್ನು ಎಣಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ದೊಡ್ಡ ಕಾಗದದ ಮೇಲೆ ಅದನ್ನು ಮುದ್ರಿಸಿಕೊಂಡು ಮನೆಗೆ ಬಂದೆ. ತಾರಾಬಾಯಿ ಕಿಟಕಿಯ ಬಳಿ ಕುಳಿತು, ಭೂತಗನ್ನಡಿ ಹಿಡಿದು, ಕಾಗದವನ್ನು ಬಹಳ ಹೊತ್ತು ನೋಡಿದಳು. ನೇರವಾಗಿ ನೋಡಿದರೆ ಅವಳಿಗೆ ನಡುವೆ ಮಂಜು. ಕೋಳಿಯಂತೆ ತಲೆ ಓರೆ ಮಾಡಿ ಕಣ್ಣಂಚಿನಿಂದ ನೋಡುತ್ತಿದ್ದಳು. ಮೊದಲು ತುಂಡು ಬಟ್ಟೆಯ ಮೇಲೆ ಹಾಕಿ ನೋಡುವುದು ಅವಳ ಪದ್ಧತಿ. ಎರಡು ಮುಂಜಾವು ಹಾಕಿದಳು. ಮೂರನೆಯ ಮುಂಜಾವು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನನ್ನು ಕರೆದಳು.

“ಇದನ್ನ ಯಾರು ಬರದಾರ?”

“ಬರದದ್ದಲ್ಲ, ಫೋಟೋನ.”

“ಫೋಟೋ ಅಲ್ಲ ಇದು. ಈ ಗುಬ್ಬಿ ಕೊಳ್ಳ ನೋಡ್ರಿ, ಬಾಗ್ಯದ. ದಾರ ಎಲ್ಲಿ ಬಾಗತದ? ಅಡ್ಡ ಹೋಗತದ, ಉದ್ದ ಹೋಗತದ, ಓರೆ ಹೋಗತದ, ಅಷ್ಟ. ಕಾಳ ನೋಡ್ರಿ, ಒಂದೂ ದಂಟಿಗೆ ಮುಟ್ಟಿಲ್ಲ, ಗಾಳ್ಯಾಗ ನಿಂತಾವ. ಅಲ್ಲಿಗೆ ನನ್ನ ಸೂಜಿ ಹಾರಿ ಹೋಗಬೇಕೇನು? ಗಂಟ ಹಾಕದ ಇದು ಮುಗಿಯೂದಿಲ್ಲ. ನಮ್ಮವ್ವ ಗಂಟ ಹಾಕಿದಾಕಿ ಅಲ್ಲ.”

ಅವಳು ಹಾಕುವುದು ಗವಂತಿ ಹೊಲಿಗೆ. ಅದರಲ್ಲಿ ದಾರ ಬಟ್ಟೆಯ ನೇಯ್ಗೆಯ ಒಂದು ಮನೆ ಬಿಟ್ಟು ಒಂದು ಮನೆ ಕುಪ್ಪಳಿಸುತ್ತ ಮುಂದೆ ಹೋಗಿ, ಬಿಟ್ಟ ಮನೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗಿ ಬರುತ್ತದೆ. ಗಂಟು ಹಾಕುವಂತಿಲ್ಲ, ಮೇಲೆ ಕಂಡದ್ದೇ ಅಡಿಯಲ್ಲೂ ಕಾಣಬೇಕು. ಆದ್ದರಿಂದ ಚಿತ್ರದ ಪ್ರತಿಯೊಂದು ಗೆರೆಯೂ ಇನ್ನೊಂದಕ್ಕೆ ತಾಗಿಯೇ ಇರಬೇಕು. ಇದನ್ನೆಲ್ಲ ನಾನು ಐವತ್ತು ವರ್ಷ ಪಕ್ಕದಲ್ಲಿ ಕುಳಿತು ನೋಡಿದ್ದೆ, ತಿಳಿದುಕೊಂಡಿರಲಿಲ್ಲ.

“ಎರಡೂ ಕಡೆ ಒಂಬತ್ತೊಂಬತ್ತು ಕಾಳ ಇಟ್ಟಾನ, ಪುಣ್ಯಾತ್ಮ,” ಎಂದಳು ಅವಳು ಕಾಗದವನ್ನು ಮಡಿಸುತ್ತ. “ನಮ್ಮವ್ವನ ಗುಬ್ಬಿ ಉಪವಾಸ ಕೂತದ.”

ಮರುದಿನ ಅವಳೇ ಸ್ಟುಡಿಯೋಕ್ಕೆ ಬಂದಳು. ಪೂನಮ್ ಎದ್ದು ತನ್ನ ಕುರ್ಚಿ ಕೊಟ್ಟಳು. “ಬರ್ರಿ ಅಮ್ಮಾರ, ಇಲ್ಲೆ ಕುಂದರ್ರಿ.”

“ನಮ್ಮವರು ಆರಿಸಿದ್ದು ಬ್ಯಾಡ, ತಂಗಿ. ಅದು ಗುಬ್ಬಿ ನೋಡ್ಯದ, ಕಸೂತಿ ನೋಡಿಲ್ಲ. ಉಳಿದದ್ದು ತೋರಸು.”

ಅಜಿತ ನನ್ನತ್ತ ನೋಡಿ, “ಸರ್, ಎಷ್ಟ ಮಾರ್ಕ್ಸ್ ಕಳೀಲಿ?” ಎಂದ. ನಾನು ಗೋಡೆಯ ಮೇಲಿನ ವಧೂವರರನ್ನು ನೋಡತೊಡಗಿದೆ.

ನೀಲಿಯ ಬೋಳು ಕಡ್ಡಿಯನ್ನು ತಾರಾಬಾಯಿ ಕೈಸನ್ನೆಯಲ್ಲೇ ಬೇಡವೆಂದಳು. ಪುಕ್ಕಟೆಯದನ್ನು ತೆರೆದಾಗ ಪರದೆಯ ಹತ್ತಿರಕ್ಕೆ ಬಾಗಿದಳು. ಬಣ್ಣದ ಕಲೆಗಳನ್ನು ತೆಗೆದುಹಾಕುವ ಪಟ್ಟಿಯನ್ನು ಪೂನಮ್ ಪೂರ್ತಿ ಏರಿಸಿದಳು. ಬೆಳಕಿನ ಚುಕ್ಕೆಗಳದನ್ನು ಏರಿಸಹೋದಾಗ ತಾರಾಬಾಯಿ ಅವಳ ಕೈ ಹಿಡಿದಳು.

“ಅದು ಹಂಗ ಇರಲಿ.”

“ರವಾ ಹಂಗ ಉಳೀತೈತಲ್ರೀ ಅಮ್ಮಾರ. ಯಾವುದು ಕಾಳು, ಯಾವುದು ರವಾ ಅಂತ ಹೆಂಗ ತಿಳೀಬೇಕು?”

“ದಂಟು ಹಿಡಿದು ಮ್ಯಾಲೆ ಹೋಗು. ದಂಟಿಗೆ ಮುಟ್ಟಿದ್ದು ಅವ್ವಂದು. ಮುಟ್ಟಲಾರದ್ದು ನಮ್ಮವರದು.”

ಪೂನಮ್ ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಇಬ್ಬರೂ ಕೂಡಿ ಬುಡದಿಂದ ಹೊರಟರು. ಪೂನಮ್ ಒಂದೊಂದು ಚುಕ್ಕೆಯನ್ನು ಬೆರಳಿಟ್ಟು ತೋರಿಸುವಳು. ತಾರಾಬಾಯಿ ಓರೆಗಣ್ಣಿನಿಂದ ನೋಡಿ “ಹೂಂ” ಅಥವಾ “ಊಹೂಂ” ಎನ್ನುವಳು. ತುಂಬಿದ ಬದಿಯಲ್ಲಿ ಒಂಬತ್ತು ಕಾಳುಗಳು ಸಿಕ್ಕವು. ಗುಬ್ಬಿಯ ಕೊಕ್ಕು ತೆನೆಗೆ ತಾಗಿತ್ತು. ಅದರ ಮೂಲಕವೇ ದಾರ ಗುಬ್ಬಿಗೆ ಹೋಗಿ ಹಿಂದಿರುಗಿತ್ತು. ಆ ಬದಿಯಲ್ಲಿ ಐದು ಕಾಳುಗಳು ನಿಸ್ಸಂಶಯವಾಗಿ ದಂಟಿಗೆ ತಾಗಿದ್ದವು. ಆರನೆಯದು ಬಟ್ಟೆಯ ಮಡಿಕೆಯ ನೆರಳಿನಲ್ಲಿತ್ತು.

“ಇದು ಮುಟ್ಟಿಲ್ರಿ,” ಎಂದಳು ಪೂನಮ್.

“ಮುಟ್ಟೇತಿ,” ಎಂದ ಅಜಿತ ಅವಳ ಹೆಗಲ ಮೇಲಿನಿಂದ ಬಗ್ಗಿ.

“ನೀವ್ ಸವದತ್ತಿ ಮದುಮಗಳ ಮೂಗಿನ ಮ್ಯಾಗೂ ನತ್ತ ಐತಿ ಅಂದಿದ್ರಿ. ಅದು ಗ್ರೇನ್ ಇತ್ತು.”

ತಾರಾಬಾಯಿ ತಲೆಯನ್ನು ಎಡಕ್ಕೆ ಓರೆ ಮಾಡಿದಳು, ಬಲಕ್ಕೆ ಓರೆ ಮಾಡಿದಳು. ಆ ಚುಕ್ಕೆ ಅವಳ ಮಂಜಿನೊಳಗೇ ಬೀಳುತ್ತಿತ್ತು. ನಾನು ಅನ್ನಪೂರ್ಣಾಬಾಯಿಗೆ ಫೋನ್ ಹಚ್ಚಿ, ಗುಬ್ಬಿಯ ಬದಿಗೆ ಎಷ್ಟು ಕಾಳಿದ್ದವೆಂದು ಕೇಳಿದೆ.

“ಸೀರಿ ಮ್ಯಾಲಿನ ಕಾಳ ಯಾರು ಎಣಸ್ತಾರ್ರಿ, ಅದೇನು ಕಣಾನ?” ಎಂದರು ಆಕೆ. “ಡಬ್ಬಿ ಎರಡ ಕೊಟ್ಟಳು, ಅದು ನೆನಪದ.”

ಫೋನ್ ಇಟ್ಟೆ. ತಾರಾಬಾಯಿ ಕುರ್ಚಿಯನ್ನು ಹಿಂದಕ್ಕೆ ಸರಿಸಿ ನನಗೆ ಜಾಗ ಮಾಡಿದಳು.

“ನೀವು ನೋಡ್ರಿ. ನಿಮ್ಮ ಕಣ್ಣು ಚೊಲೋ ಅವ. ಐದ ಹಾಕಲೋ, ಆರು ಹಾಕಲೋ?”

ನಾನು ನೋಡಿದೆ. ಹಿಗ್ಗಿಸಿದರೆ ಚುಕ್ಕೆ ಬೂದು ಬಣ್ಣದ ಚೌಕಗಳಾಗಿ ಒಡೆದು ದಂಟಿನಿಂದ ದೂರ ನಿಲ್ಲುತ್ತಿತ್ತು. ಕುಗ್ಗಿಸಿದರೆ ಬಂದು ತಾಗುತ್ತಿತ್ತು. ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ. ಒಂದು ಕ್ಷಣ ಅದು ಅತ್ತೆಯವರ ಹೊಲಿಗೆ, ಮರುಕ್ಷಣ ನನ್ನ ಕತ್ತಲೆಯ ಧೂಳು. ನಮ್ಮ ಮನೆಯವರಲ್ಲಿ ಆ ಸೀರೆಯನ್ನು ಕೊನೆಗೆ ಕಂಡವನು ನಾನೇ ಅಲ್ಲವೇ ಎಂದು ರಾಮದುರ್ಗದ ಆ ಕೋಣೆಯನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಟ್ರಂಕಿನ ಮುಚ್ಚಳ ನೆನಪಾಯಿತು, ಅನ್ನಪೂರ್ಣಾಬಾಯಿಯ ಬಳೆಗಳು ನೆನಪಾದವು. ಸೀರೆ ನೆನಪಾಗಲಿಲ್ಲ. ಅಂದು ನಾನು ನೋಡಿದ್ದು ಸೀರೆಯನ್ನಲ್ಲ, ಕೈಯೊಳಗಿನ ಫೋನನ್ನು.

ತಿಳಿಯದು ಎಂದು ಹೇಳಬಹುದಾಗಿತ್ತು. ಹಾಗೆ ಹೇಳಿದರೆ ತಾರಾಬಾಯಿ ಐದು ಹಾಕುವಳೋ ಆರು ಹಾಕುವಳೋ, ಅಥವಾ ಸೂಜಿಯನ್ನೇ ಡಬ್ಬಿಯಲ್ಲಿ ಇಟ್ಟುಬಿಡುವಳೋ ಎಂಬುದು ನನಗೆ ಹೊಳೆಯಲಿಲ್ಲ. ಚಳಿಗಾಲ ಆಗಲೇ ಶುರುವಾಗಿತ್ತು.

“ಮುಟ್ಟ್ಯದ,” ಎಂದೆ.

“ಖರೇನ?”

“ಖರೇ.”

“ಹಂಗಾದ್ರ ಆರು,” ಎಂದು ಅವಳು ಎದ್ದಳು.

ಹೊರಡುವಾಗ ಅಜಿತ ಬಾಗಿಲವರೆಗೆ ಬಂದು, “ಸರ್, ನಮ್ಮ ಸವದತ್ತಿ ಮದುವಿ ಫೋಟೋಕ್ಕ ಯಾವುದು ತಗೊಳ್ಳೂದ್ರಿ ಹಂಗಾರ?” ಎಂದು ಕೇಳಿದ. ನನಗೆ ಗೊತ್ತಿಲ್ಲವೆಂದೆ. ನನ್ನ ಬಾಯಿಯಿಂದ ಆ ಮಾತನ್ನು ಅವನು ಮೊದಲ ಸಲ ಕೇಳಿರಬೇಕು.

ಈಗ ದಿನವೂ ಬಿಸಿಲು ಕಿಟಕಿಗೆ ಬಂದಾಗ ನಾನು ಅವಳಿಗೆ ಸೂಜಿ ಪೋಣಿಸಿ ಕೊಡುತ್ತೇನೆ. ಸೆರಗಿಗೆ ಹನ್ನೆರಡು ತೆನೆಗಳು ಬೇಕು. ಮೊದಲನೆಯದು ಮುಗಿದಾಗ ಅವಳು ಬೆರಳ ತುದಿಯಿಂದ ಕಾಳುಗಳನ್ನು ತಡವಿ ಎಣಿಸಿದಳು: ಈ ಬದಿಗೆ ಒಂಬತ್ತು, ಆ ಬದಿಗೆ ಆರು. ನಾನು ಮಾತ್ರ ಆ ಆರನೆಯದನ್ನು ನೋಡಿದಾಗಲೆಲ್ಲ ಅದು ಯಾರದೆಂದು ತಿಳಿಯದೆ ಪತ್ರಿಕೆಯನ್ನು ಎತ್ತಿಕೊಳ್ಳುತ್ತೇನೆ.

ನಿನ್ನೆ ಎರಡನೆಯ ತೆನೆಯಲ್ಲಿ ಐದನೆಯ ಕಾಳು ಮುಗಿಸಿ ಸೂಜಿ ನಿಲ್ಲಿಸಿದಳು. ಮುಖವನ್ನು ನನ್ನ ಕಡೆ ತಿರುಗಿಸಿ, ಕಣ್ಣನ್ನು ಮಾತ್ರ ಆಚೆ ಓರೆಯಾಗಿಸಿ, ಎಂದರೆ ನನ್ನನ್ನೇ ನೋಡುತ್ತ, ಕೇಳಿದಳು:

“ಆರ ಅಂದ್ರಿ, ಹೌದಲ್ಲ?”

“ಆರ,” ಎಂದೆ.

ಅವಳು ದಾರ ಎಳೆದಳು.