ನಲವತ್ತೊಂದನೇ ಪುಟ

ಕಾಂತರಾಜು ಮೇಷ್ಟ್ರಿಗೆ ನಿವೃತ್ತಿ ಇನ್ನೊಂದು ತಿಂಗಳಿತ್ತು. ಹೊಸಕೋಟೆಯ ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಹೇಳಿದವರು. ಅವರು ಬರೆದ ಗೈಡು ಐದು ಸಲ ಅಚ್ಚಾಗಿ, ಆರನೆಯದರ ಕರಡು ತಿದ್ದಲು ಬಂದಿತ್ತು. ಅದರ ನಲವತ್ತೊಂದನೇ ಪುಟವನ್ನು ಬಾಯಿಪಾಠ ಮಾಡದೆ ಆ ಕಾಲೇಜಿನಲ್ಲಿ ಬಿ.ಎ. ಪಾಸಾದವರು ಯಾರೂ ಇರಲಿಲ್ಲ.

ಜರ್ಮನಿಯ ಒಬ್ಬ ಆದರ್ಶವಾದಿ ದಾರ್ಶನಿಕನ ದ್ವಂದ್ವಾತ್ಮಕ ವಿಧಾನ ಆ ಪುಟದಲ್ಲಿ ಮೂರು ಚೌಕಗಳಾಗಿ ಕೂತಿತ್ತು: ವಾದ, ಪ್ರತಿವಾದ, ಸಮನ್ವಯ. ಒಬ್ಬ ಒಂದು ಹೇಳುತ್ತಾನೆ, ಇನ್ನೊಬ್ಬ ಎದುರು ಹೇಳುತ್ತಾನೆ, ಎರಡರಿಂದಲೂ ಅಷ್ಟಷ್ಟು ತೆಗೆದುಕೊಂಡರೆ ಸತ್ಯ ಸಿಗುತ್ತದೆ. ಹುಡುಗರು ಆ ದಾರ್ಶನಿಕನನ್ನು ಜರ್ಮನ್ ತಾತ ಎನ್ನುತ್ತಿದ್ದರು. ಬರುಬರುತ್ತಾ ಮೇಷ್ಟ್ರೂ ಹಾಗೇ ಅನ್ನತೊಡಗಿದರು.

ಈ ಮೂರು ಚೌಕ ಕಾಲೇಜಿನಲ್ಲಷ್ಟೇ ಇದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಪಿಲ್ಲಗುಂಪೆಯ ಆಚೆ ಅವರ ಸ್ವಂತ ಊರಿನಲ್ಲಿ ನ್ಯಾಯ ಹೇಳಲು ಅವರನ್ನೇ ಕರೆಯುತ್ತಿದ್ದರು, ಅಲ್ಲಿಗೂ ಇವರು ಚೌಕ ಹೊತ್ತುಕೊಂಡೇ ಹೋಗುತ್ತಿದ್ದರು. ಹೋದ ವರ್ಷ ಅಪ್ಪಯ್ಯಣ್ಣ ಮತ್ತು ಅವನ ತಮ್ಮ ಸೊಣ್ಣಪ್ಪ ಬದುವಿನ ಮೇಲಿನ ಹುಣಸೆಮರಕ್ಕೆ ಜಗಳ ತೆಗೆದಾಗ, ಈಚೆ ಕೊಂಬೆ ಅಣ್ಣನದು, ಆಚೆ ಕೊಂಬೆ ತಮ್ಮನದು ಎಂದು ಹೇಳಿ ಕಾಫಿ ಕುಡಿದು ಬಂದಿದ್ದರು. ಸೊಣ್ಣಪ್ಪ ಟೊಮೆಟೊಗೆ ನೆರಳಾಗುತ್ತದೆಂದು ತನ್ನ ಪಾಲಿನ ಕೊಂಬೆಗಳನ್ನೆಲ್ಲ ಕಡಿಸಿಬಿಟ್ಟ. ಒಂದೇ ಮಗ್ಗುಲಿಗೆ ಭಾರವಾದ ಮರ ಈ ಸಲದ ಮುಂಗಾರು ಗಾಳಿಗೆ ಬುಡಸಮೇತ ಉರುಳಿತು. ಅಣ್ಣತಮ್ಮಂದಿರು ಮೇಷ್ಟ್ರನ್ನು ಬೈಯಲಿಲ್ಲ. “ನೀವು ಇಬ್ಬರಿಗೂ ಸಮನಾಗೇ ಹೇಳಿದ್ರಿ ಬಿಡಿ” ಎಂದರು. ಮೇಷ್ಟ್ರಿಗೆ ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.

ಅದಾದ ಮಾರನೆಯ ದಿನ ಸ್ಟಾಫ್ ರೂಮಿಗೆ ಮಮತ ಬಂದಳು. ಕೊನೆಯ ವರ್ಷದ ಬಿ.ಎ. ಹುಡುಗಿ, ಅಪ್ಪ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಇಪ್ಪತ್ತು ಅಂಕದ ಕಾಲೇಜು ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಐದು. ಏಳಾದರೂ ಬರದಿದ್ದರೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಎಂಟು ಅಂಕದ ದ್ವಂದ್ವಾತ್ಮಕ ವಿಧಾನದ ಪ್ರಶ್ನೆಗೇ ಐದು ಪುಟ ಬರೆದು, ಉಳಿದ ಪ್ರಶ್ನೆಗಳನ್ನು ಹೊತ್ತು ಸಾಲದೆ ಅರೆಬರೆ ಮುಗಿಸಿದ್ದಳು. ಚೌಕ ಕಾಣದ ಆ ಐದು ಪುಟಕ್ಕೆ ಮೇಷ್ಟ್ರು ಸೊನ್ನೆ ಹಾಕಿದ್ದರು.

“ಸಾರ್, ಈ ಮೂರು ಚೌಕ ಜರ್ಮನ್ ತಾತಂದಲ್ಲ. ಅವರಿಗಿಂತ ಮುಂಚಿನ ಇನ್ನೊಬ್ರು ಹೇಳಿದ್ದು. ತಾತನ ಹೆಸರಿಗೆ ಆಮೇಲೆ ಯಾರೋ ಅಂಟಿಸಿದಾರೆ. ನಾನು ಅದನ್ನೇ ಬರ್ದಿದ್ದೆ.”

“ಗೈಡಲ್ಲಿ ಹಾಗಿಲ್ವಲ್ಲಮ್ಮ.”

“ಗೈಡಲ್ಲಿಲ್ಲ ಸಾರ್. ನೀವೇ ಹೇಳಿದ್ದು. ಎರಡನೇ ವರ್ಷದಲ್ಲಿ, ಕರೆಂಟ್ ಹೋಗಿತ್ತಲ್ಲ, ಅವತ್ತು.”

ಮೇಷ್ಟ್ರಿಗೆ ತಟ್ಟನೆ ನೆನಪಾಯಿತು. ಮಳೆ ಮೋಡ ಮುಚ್ಚಿ ತರಗತಿ ಕತ್ತಲಾಗಿ, ನೋಟ್ಸ್ ಓದಿ ಬರೆಸಲು ಆಗದೆ, ಪುಸ್ತಕ ಮಡಚಿಟ್ಟು, ಈ ಚೌಕ ತಾತನದಲ್ಲ ಎಂದು ಶುರುಮಾಡಿ ಸುಮ್ಮನೆ ಮಾತಾಡಿದ್ದರು. ಒಂದು ವಿಚಾರಕ್ಕೆ ಎದುರಾಳಿ ಬೀದಿಯಿಂದ ಬರುವುದಿಲ್ಲ, ಅದನ್ನು ನಂಬಿ ಕೊನೆಯವರೆಗೂ ಹೋದರೆ ಅದರ ಹೊಟ್ಟೆಯೊಳಗಿನಿಂದಲೇ ಅದರ ತಪ್ಪು ಎದ್ದು ಬರುತ್ತದೆ ಎಂದಿದ್ದರು. ಆಗ ಆ ವಿಚಾರ ಸಾಯುತ್ತದೆ, ಆದರೆ ಅದರಲ್ಲಿದ್ದ ನಿಜ ಮುಂದಿನದರೊಳಗೆ ಉಳಿದುಕೊಳ್ಳುತ್ತದೆ ಎಂದೂ ಹೇಳಿದ್ದರು. ಮೂವತ್ತರ ವಯಸ್ಸಿನಲ್ಲಿ, ಅರ್ಧಕ್ಕೆ ಬಿಟ್ಟ ಪಿಎಚ್.ಡಿ.ಗಾಗಿ ಓದುವಾಗ, ಅವರು ಕಷ್ಟಪಟ್ಟು ತಿಳಿದುಕೊಂಡದ್ದು ಅದು. ಗೈಡು ಬರೆಯುವಾಗ ಮಾತ್ರ ಮಕ್ಕಳಿಗೆ ಸುಲಭವಾಗಲಿ ಎಂದು ಚೌಕ ಹಾಕಿದ್ದರು. ಮಕ್ಕಳಿಗೆ ಎನ್ನುವುದು ಸುಳ್ಳು, ಸುಲಭವಾಗಿದ್ದು ಅವರಿಗೇ.

ಲೈಟು ಬಂದ ಕೂಡಲೇ ಉಳಿದವರೆಲ್ಲ ಆ ಮಾತು ಮರೆತಿದ್ದರು. ಇವಳೊಬ್ಬಳು ನಂಬಿಕೊಂಡು ಕೂತಿದ್ದಾಳೆ.

ತಪ್ಪೊಪ್ಪಿಕೊಂಡರೆ ಐದು ಸಲ ಅಚ್ಚಾದ ಪುಸ್ತಕ ಏನಾಗಬೇಕು? ಮೇಷ್ಟ್ರು ಕೆಂಪು ಪೆನ್ನು ತೆಗೆದು, ಊರಿನಲ್ಲಿ ನ್ಯಾಯ ಹೇಳುವ ದನಿಯಲ್ಲೇ ಹೇಳಿದರು:

“ಒಂದು ಕೆಲಸ ಮಾಡೋಣಮ್ಮ. ನಿನ್ನ ಮಾತೂ ಇರ್ಲಿ, ಗೈಡಿನ ಮಾತೂ ಇರ್ಲಿ. ಎಂಟಕ್ಕೆ ನಾಲ್ಕು ಕೊಡ್ತೀನಿ. ಒಂಬತ್ತಾಗುತ್ತೆ, ಪಾಸು.”

ಮಮತ ಉತ್ತರಪತ್ರಿಕೆಯ ಮೇಲೆ ಕೈಯಿಟ್ಟಳು.

“ನಾಲ್ಕು ಬೇಡ ಸಾರ್. ನಾನು ಬರೆದಿದ್ದು ತಪ್ಪಾದ್ರೆ ಸೊನ್ನೆನೇ ಇರ್ಲಿ, ಮುಂದಿನ ವರ್ಷ ಕಟ್ಕೋತೀನಿ. ಸರಿಯಿದ್ರೆ ಎಂಟು ಕೊಡಿ. ಅರ್ಧ ಸರಿ ಅಂತ ನಾನು ಏನೂ ಬರ್ದಿಲ್ಲ.”

ಅಷ್ಟು ಹೇಳಿ ನಮಸ್ಕಾರ ಮಾಡಿ ಬಸ್ಸಿಗೆ ಹೊರಟುಹೋದಳು. ಮೇಷ್ಟ್ರಿಗೆ ಸಿಟ್ಟು ಬಂತು. ಎಷ್ಟು ಕೊಬ್ಬು ಎಂದುಕೊಂಡರು. ಆಮೇಲೆ ಐದು ಪುಟ ಬಿಡಿಸಿ ಮೊದಲ ಸಲ ಪೂರ್ತಿ ಓದಿದರು. ಮೂರನೇ ಪುಟದ ಹೊತ್ತಿಗೆ ಸಿಟ್ಟು ಇಳಿದಿತ್ತು, ಐದನೆಯದರ ಕೊನೆಗೆ ನಾಚಿಕೆಯಾಯಿತು. ಅದು ಅವರದೇ ಮಾತು, ಅವರು ನಿಲ್ಲಿಸಿದ ಜಾಗದಿಂದ ಮುಂದಕ್ಕೆ ಹೋಗಿತ್ತು. ಗೈಡನ್ನು ಹೊಡೆಯಲು ಹೊರಗಿನಿಂದ ಯಾರೂ ಬಂದಿರಲಿಲ್ಲ, ಅದನ್ನು ಬರೆದವರ ಮಾತೇ ಎದ್ದು ಬಂದಿತ್ತು. ಮುರಿದ ಹುಣಸೆಮರದ ಬುಡ ಬದುವಿನಲ್ಲಿ ಬಿದ್ದುಕೊಂಡದ್ದು ಕಣ್ಣಿಗೆ ಕಟ್ಟಿತು. ಗೈಡು ಬರೆದಾಗಿನಿಂದ, ಇಪ್ಪತ್ತು ವರ್ಷ, ಸಮನ್ವಯ ಎನ್ನುತ್ತಾ ತಾನು ಮಾಡಿದ್ದು ಬರೀ ಪಾಲು ಹಂಚುವುದನ್ನು ಎಂದು ಅವರಿಗೆ ಅರ್ಥವಾಯಿತು.

ಸೊನ್ನೆ ಹೊಡೆದು ಎಂಟು ಹಾಕಿ, ಪಕ್ಕದಲ್ಲಿ ಸಹಿ ಮಾಡಿದರು.

ಸಂಜೆ ಮನೆಯಲ್ಲಿ ಕರಡಿನ ಮುಂದೆ ಕೂತರು. ನಲವತ್ತೊಂದನೇ ಪುಟಕ್ಕೆ ಉದ್ದಕ್ಕೂ ಒಂದು ಗೆರೆ ಎಳೆದು ಬಿಸಾಕಬೇಕೆಂದು ಪೆನ್ನು ಎತ್ತಿದವರು ಇಳಿಸಿದರು. ಬೇರೆ ಹಾಳೆ ತೆಗೆದುಕೊಂಡು ಬರೆಯತೊಡಗಿದರು. ಮುಗಿಸಿ, ಮುದ್ರಕ ಬೈರೇಶನಿಗೆ ಫೋನು ಮಾಡಿದರು.

“ಬೈರೇಶ, ನಲವತ್ತೊಂದಾದ ಮೇಲೆ ಹೊಸದಾಗಿ ಎರಡು ಪುಟ ಸೇರುತ್ತೆ ಕಣಪ್ಪ.”

“ಹಳೇದು ತೆಗೀಲಾ ಮೇಷ್ಟ್ರೇ?”

“ಬೇಡ, ಇರ್ಲಿ.”

“ಅಂದ್ರೆ ಅದೂ ಸರಿ, ಇದೂ ಸರಿ. ನಿಮ್ಮ ನ್ಯಾಯ ಗೊತ್ತಿಲ್ವಾ ನಮ್ಗೆ.” ಬೈರೇಶ ನಕ್ಕ.

“ಅಲ್ಲಪ್ಪ. ಹಳೇದು ತಪ್ಪು. ತಪ್ಪು ಅಂತ ಹೊಸ ಪುಟದ ಮೊದಲನೇ ಸಾಲಲ್ಲೇ ಬರ್ದಿದೀನಿ. ಹೆಂಗೆ ತಪ್ಪು, ನಾನು ಯಾಕೆ ಗೊತ್ತಿದ್ದೂ ಬರೆದೆ, ಎಲ್ಲಾ ಇದೆ.”

“ರಿಟೈರ್ ಆಗೋ ಹೊತ್ನಲ್ಲಿ ಇದೆಲ್ಲ ಬೇಕಾ ಮೇಷ್ಟ್ರೇ? ಸದ್ದಿಲ್ದೆ ತಿದ್ದಿಬಿಡಿ. ಯಾರಿಗೆ ಗೊತ್ತಾಗುತ್ತೆ.”

“ಸದ್ದಿಲ್ದೆ ತಿದ್ದಿದ್ರೆ, ಆ ಹುಡುಗಿ ತಿದ್ದಿದ್ದು ಏನನ್ನ ಅಂತ ಯಾರಿಗೂ ಗೊತ್ತಾಗಲ್ವಲ್ಲಪ್ಪ.”

“ಯಾವ ಹುಡುಗಿ?”

“ಹೆಸರು ಬರ್ಕೋ,” ಎಂದರು ಮೇಷ್ಟ್ರು. “ಹೊಸ ಪುಟದ ಕೆಳಗೆ ಬರ್ಬೇಕು.”