ತಳ ಮುಟ್ಟದ ಬ್ಯಾಟರಿ

ಗೊಳಸಂಗಿಯ ಗುಂಡವ್ವನ ಮನೆಯಲ್ಲಿ ಯಾವ ಪಾತ್ರೆಯೂ ಪೂರ್ತಿ ಬರಿದಾಗುವಂತಿಲ್ಲ. ಹಿಟ್ಟಿನ ಡಬ್ಬಿಯಲ್ಲಿ ಒಂದು ಮುಷ್ಟಿ ಉಳಿದಿರುವಾಗಲೇ ಹೊಸ ಹಿಟ್ಟು ಸುರಿಯಬೇಕು. ಉಪ್ಪಿನ ಭರಣಿಗೂ ಎಣ್ಣೆಯ ಕ್ಯಾನಿಗೂ ಕುಡಿಯುವ ನೀರಿನ ಕೊಡಕ್ಕೂ ಇದೇ ಕಾಯಿದೆ. ಚಹಾ ಕುಡಿದರೂ ಅಷ್ಟೇ, ಕಪ್ಪಿನಲ್ಲಿ ಒಂದು ಗುಟುಕು ಬಿಟ್ಟೇ ಕೆಳಗಿಡುತ್ತಾಳೆ. ಅದನ್ನು ಯಾರು ಕುಡಿಯಬೇಕು ಎಂದು ಮೊಮ್ಮಗಳು ಸಾಕ್ಷಿ ಕೇಳಿದರೆ ‘ಹಿಂದ ಬರೋರ ಪಾಲು’ ಎಂಬ ಒಂದೇ ಉತ್ತರ. ಆ ಹಿಂದೆ ಬರುವವರು ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಬಂದು ಆರಿದ ಚಹಾ ಕುಡಿದದ್ದನ್ನು ಯಾರೂ ಕಂಡಿಲ್ಲ. ಸೊಸೆ ಯಶೋಧಾ ಊರಿನ ಶಾಲೆಯಲ್ಲಿ ಶಿಕ್ಷಕಿ. ನೂರು ಮಕ್ಕಳನ್ನು ಗದರಿಸಿ ಸುಮ್ಮನಾಗಿಸುವ ಹೆಂಗಸು, ಈ ವಿಷಯದಲ್ಲಿ ಮಾತ್ರ ಅತ್ತೆಯ ಮುಂದೆ ಬಾಯಿ ಬಿಡುವುದಿಲ್ಲ. ಅತ್ತೆ ಆಚೆ ಮಗ್ಗುಲಾದಾಗ ಆ ಗುಟುಕನ್ನು ಬಚ್ಚಲಿಗೆ ಚೆಲ್ಲಿ ಕಪ್ಪು ತೊಳೆದುಬಿಡುತ್ತಾಳೆ.

ಈ ಕಾಯಿದೆ ಗುಂಡವ್ವನಿಗೆ ಬಂದದ್ದು ಸಿಂದಗಿ ಕಡೆಯ ತವರುಮನೆಯಿಂದ. ಅಲ್ಲಿ ಮಕ್ಕಳು ಬಹಳ, ಗಡಿಗೆ ಸಣ್ಣದು. ಆಡು ಕಾಯಲು ಹೋಗುತ್ತಿದ್ದ ಗುಂಡವ್ವ ದಿನಾಲೂ ಎಲ್ಲರಿಗಿಂತ ಕಡೆಗೆ ಮನೆ ಸೇರುವವಳು. ಅಷ್ಟೊತ್ತಿಗೆ ಗಡಿಗೆಯಲ್ಲಿ ನುಚ್ಚು ಉಳಿದಿರುತ್ತಿದ್ದರೆ ಅದಕ್ಕೆ ಕಾರಣ ಅಕ್ಕ ಲಕ್ಕವ್ವ. ಲಕ್ಕವ್ವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು. ಊರವರು ಮೂಕವ್ವ ಎಂದು ಕರೆದರೆ ಗುಂಡವ್ವ ಕಲ್ಲು ತಗೊಂಡು ಬೆನ್ನು ಹತ್ತುತ್ತಿದ್ದಳು. ಗಡಿಗೆಯ ತಳಕ್ಕೆ ಯಾರ ಕೈಯೂ ಹೋಗದಂತೆ ಲಕ್ಕವ್ವ ಅದರ ಪಕ್ಕದಲ್ಲೇ ಕೂತು ಕಾಯುವಳು. ತಂಗಿ ಬಾಗಿಲಲ್ಲಿ ಕಂಡೊಡನೆ ಬಲಗೈ ಮುಷ್ಟಿ ಮಾಡಿ ಎಡ ಅಂಗೈಯ ಮೇಲಿಟ್ಟು ತೋರಿಸುವಳು. ನಿನ್ನ ಪಾಲು ಇಟ್ಟಿದ್ದೇನೆ ಎಂದು ಅದರ ಅರ್ಥ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಮುಷ್ಟಿ, ಈ ಸಲ ಗದ್ದ ಮೇಲೆತ್ತಿ. ಉಂಡೆಯಾ ಎಂದು ಕೇಳಿದ ಹಾಗೆ. ಗುಂಡವ್ವ ಬೆರಳು ನೆಕ್ಕಿ, ಅಂಗೈಯನ್ನು ಅಂಗೈಯಿಂದ ಒರೆಸಿ ಅಕ್ಕನ ಕಡೆ ತಿರುಗಿಸಿ ತೋರಿಸಬೇಕು. ಆ ಬರಿ ಅಂಗೈ ನೋಡಿದ ಮೇಲೆಯೇ ಲಕ್ಕವ್ವ ಗಡಿಗೆ ತೊಳೆದು ಕೌದಿ ಹಾಸುತ್ತಿದ್ದದ್ದು. ತೋರಿಸದಿದ್ದರೆ ಮಲಗುತ್ತಲೇ ಇರಲಿಲ್ಲ.

ಮುಂದೆ ಒಬ್ಬಳು ಇಂಡಿ ತಾಲೂಕಿನ ಲಚ್ಯಾಣಕ್ಕೆ, ಇನ್ನೊಬ್ಬಳು ಗೊಳಸಂಗಿಗೆ ಸೊಸೆಯಾಗಿ ಹೋದರು. ವರ್ಷಕ್ಕೆ ಒಮ್ಮೆ ಇಮ್ಮೆ ಕೂಡಿದಾಗ ಕೈಯಲ್ಲೇ ಊರ ಸುದ್ದಿಯೆಲ್ಲ ಆಡಿಕೊಳ್ಳುತ್ತಿದ್ದರು. ಈಗ ಲಕ್ಕವ್ವ ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಪುಪ್ಪುಸ ಕೈಬಿಟ್ಟಿದೆ, ಹೆಚ್ಚು ದಿನ ಇಲ್ಲ ಎಂದು ಅವಳ ಮಗ ಮುತ್ತುರಾಜ ಫೋನಿನಲ್ಲಿ ಹೇಳುವಾಗ ಅತ್ತುಬಿಟ್ಟ. ಗುಂಡವ್ವ ಹೋಗುವಂತಿರಲಿಲ್ಲ. ಬಚ್ಚಲಲ್ಲಿ ಜಾರಿಬಿದ್ದು ತೊಡೆಯಲ್ಲಿ ರಾಡು ಕೂತಿತ್ತು. ಮಂಚದಿಂದ ಗೋಡೆ ಹಿಡಿದು ನಾಲ್ಕು ಹೆಜ್ಜೆ, ಅಷ್ಟೇ ಅವಳ ಲೋಕ. ಫೋನಿನಲ್ಲಿ ಮಾತಾಡೋಣವೆಂದರೆ ಅಕ್ಕನಿಗೆ ಕೇಳದು. ವಿಡಿಯೊ ಕಾಲ್ ಮಾಡೋಣವೆಂದರೆ ಪೊರೆ ಬಂದ ಗುಂಡವ್ವನ ಕಣ್ಣಿಗೆ ಮೊಬೈಲಿನಲ್ಲಿ ಅಕ್ಕನ ಕೈಗಳು ಇರುವೆಯಂತೆ ಕಂಡವು. ಒಮ್ಮೆ ಪ್ರಯತ್ನಿಸಿ ಸೋತು ಮೊಬೈಲನ್ನು ಹಾಸಿಗೆಯ ಮೇಲೆ ಎಸೆದಿದ್ದಳು.

ಆಗ ಸಾಕ್ಷಿಗೆ ತನ್ನ ಲ್ಯಾಪ್‌ಟಾಪ್ ನೆನಪಾಯಿತು. ಹುಡುಗಿ ಬಾಗೇವಾಡಿಯಲ್ಲಿ ಕಾಲೇಜು ಓದುತ್ತಿದ್ದಳು. ಪರದೆಯೇನೋ ದೊಡ್ಡದು. ಆದರೆ ಯಾರೋ ಬಳಸಿ ಬಿಟ್ಟ ಹಳೆಯ ಯಂತ್ರ, ಅದರ ಬ್ಯಾಟರಿ ಮಹಾ ಸುಳ್ಳುಬುರುಕ. ಎಷ್ಟೋ ಸಲ ಇನ್ನೂ ಅರ್ಧ ಐತಿ ಎಂದು ತೋರಿಸುತ್ತಲೇ ಕಣ್ಣು ಮುಚ್ಚಿಬಿಡುತ್ತಿತ್ತು. ಕರೆಂಟ್ ಇದ್ದರೆ ಚಿಂತೆಯಿಲ್ಲ, ವಾಯರ್ ಚುಚ್ಚಿಯೇ ಮಾತಾಡಬಹುದು. ಆಸ್ಪತ್ರೆಯವರು ಐಸಿಯು ಒಳಗೆ ಫೋನ್ ಒಯ್ಯಲು ಒಪ್ಪಿದ್ದು ಇನ್ನೊಂದೇ ಸಲ, ಗುರುವಾರ ಬೆಳಿಗ್ಗೆ. ಲೈನ್ ದುರಸ್ತಿಯೆಂದು ಊರಲ್ಲಿ ದಿನವಿಡೀ ಕರೆಂಟ್ ತೆಗೆಯುವುದೂ ಅದೇ ಗುರುವಾರ. ನೆರೆಹೊರೆಯಲ್ಲಿ ಯಾರ ಬಳಿಯೂ ಬೇರೆ ಲ್ಯಾಪ್‌ಟಾಪ್ ಇರಲಿಲ್ಲ.

ಸಾಕ್ಷಿ ಅದನ್ನು ಹೊತ್ತು ಬಾಗೇವಾಡಿಯ ರಿಪೇರಿ ಅಂಗಡಿಯ ಮಂಜೂರನ ಹತ್ತಿರ ಹೋಗಿ ಬಂದಳು. ಅವನು ಹೇಳಿದ್ದನ್ನು ಅಜ್ಜಿಗೆ ಹಾಗೇ ಒಪ್ಪಿಸಿದಳು. ಬ್ಯಾಟರಿ ಪೂರ್ತಿ ಸತ್ತಿಲ್ಲ, ತನ್ನ ತಳ ಎಲ್ಲಿದೆ ಎಂಬುದನ್ನು ಮರೆತಿದೆ, ಅದಕ್ಕೇ ಲೆಕ್ಕ ತಪ್ಪಿ ಹೇಳುತ್ತದೆ. ಒಮ್ಮೆ ಪೂರ್ತಿ ತುಂಬಿಸಿ, ವಾಯರ್ ಕಿತ್ತು, ತಾನಾಗಿ ಆರಿಹೋಗುವ ತನಕ ಓಡಿಸಬೇಕು. ಆರಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಟ್ಟು ಮತ್ತೆ ಪೂರ್ತಿ ತುಂಬಿಸಬೇಕು. ತುದಿಯೂ ತಳವೂ ಗೊತ್ತಾದರೆ ನಡುವಿನ ಲೆಕ್ಕವನ್ನು ಖರೆ ಹೇಳುತ್ತದೆ.

ಬುಧವಾರ ಕಾಲೇಜಿಗೆ ಹೊರಡುವ ಮುಂದೆ ಅವಳು ತುಂಬಿದ ಲ್ಯಾಪ್‌ಟಾಪನ್ನು ಅಜ್ಜಿಯ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಭಜನೆಯ ವಿಡಿಯೊ ಒಂದನ್ನು ಮುಗಿಯದಂತೆ ಹಚ್ಚಿದಳು.

“ಆಯಿ, ಇದು ತಾನ ಆರೂತನಕ ಕೈ ಹಚ್ಚಬ್ಯಾಡ. ಆರಿದ ಮ್ಯಾಲ ತಾಸೆರಡು ತಾಸು ಬಿಟ್ಟು ಈ ವಾಯರ್ ಚುಚ್ಚು. ನಡುವ ಚುಚ್ಚಿದಿ ಅಂದ್ರ ಎಲ್ಲಾ ಕೆಟ್ಟ ಹೋಗತೈತಿ ನೋಡು.”

ಗುಂಡವ್ವ ತಲೆಯಾಡಿಸಿದಳು. ಯಶೋಧಾ ಶಾಲೆಗೆ, ಮಗ ಗುರುನಾಥ ಹೊಲಕ್ಕೆ. ಮನೆಯಲ್ಲಿ ಅವಳು ಮತ್ತು ಆ ಭಜನೆ ಮಾತ್ರ. ಮೊದಮೊದಲು ಕೇಳಲು ಚೆನ್ನಾಗಿತ್ತು. ಮಧ್ಯಾಹ್ನ ಹೊರಳುವ ಹೊತ್ತಿಗೆ ಪರದೆ ಮಸುಕಾಯಿತು. ಮೂಲೆಯಲ್ಲಿ ಏನೋ ಕೆಂಪಗೆ ಮಿಣುಕತೊಡಗಿತು. ಅಂಕಿ ಅವಳಿಗೆ ಕಾಣಿಸದು, ಆದರೆ ಅದು ತಳಕ್ಕೆ ಬಂದಿದೆ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಜೀವಮಾನವೆಲ್ಲ ಅವಳು ಕಾಯ್ದುಕೊಂಡು ಬಂದದ್ದು ಅದೊಂದನ್ನೇ ಅಲ್ಲವೇ.

ನಾಳೆ ಅಕ್ಕ ಇದರೊಳಗಿಂದಲೇ ಬರುವವಳು. ಉಳಿದವರೆಲ್ಲ ನೋಡಿಯಾಗಿದೆ, ಮಕ್ಕಳು, ಮೊಮ್ಮಕ್ಕಳು, ಬೀಗರು. ಕಡೆಗೆ ಉಳಿದವಳು ತಾನು. ಅಕ್ಕ ಬರುವ ಪಾತ್ರೆಯನ್ನು ಇವತ್ತು ಬಳಿದು ಬರಿದು ಮಾಡಿ ಇಟ್ಟರೆ ಅದೆಂಥ ಅಪಶಕುನ. ಮಂಜೂರನಿಗೆ ಏನು ಗೊತ್ತು, ಹುಡುಗ. ಪೂರ್ತಿ ಆರುವುದೂ ಆರಲು ಬರುವುದೂ ಒಂದೇ ಅಲ್ಲವೇ, ಒಂದು ಮುಷ್ಟಿ ಹೆಚ್ಚು ಕಡಿಮೆಯಾದರೆ ಯಾವ ಲೆಕ್ಕ ಮುಳುಗುತ್ತದೆ. ಹೀಗೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡು ಗೋಡೆ ಹಿಡಿದು ಎದ್ದಳು. ವಾಯರ್ ಚುಚ್ಚಿ ಸ್ವಿಚ್ ಒತ್ತಿದಳು. ಪರದೆ ಮತ್ತೆ ಬೆಳಗಿತು. ಭಜನೆ ನಿಲ್ಲಲೆಂದು ಮುಚ್ಚಳ ಮುಚ್ಚಿ, ಬಹಳ ದೊಡ್ಡ ಕೆಲಸ ಮಾಡಿದವಳಂತೆ ಉಸಿರು ಬಿಟ್ಟು ಮಲಗಿದಳು.

ಸಂಜೆ ಸಾಕ್ಷಿ ಬಂದು, ತಾನಾಗಿ ಆರಿತ್ತೇ ಎಂದು ಕೇಳಿದಾಗ ಗುಂಡವ್ವ ಆಚೆ ನೋಡಿದಳು.

“ಆರಿತ್ತವ್ವ. ಆಮ್ಯಾಲ ಹಚ್ಚೀನಿ.”

ಹುಡುಗಿ ಖುಷಿಯಾಗಿ ಅಜ್ಜಿಯ ಗಲ್ಲ ಹಿಂಡಿದಳು. ಲ್ಯಾಪ್‌ಟಾಪ್ ತುಂಬಿ ನೂರು ತೋರಿಸುತ್ತಿತ್ತು.

ಗುರುವಾರ ಬೆಳಿಗ್ಗೆ ಹೇಳಿದ ಹಾಗೆ ಕರೆಂಟ್ ಹೋಯಿತು. ಮುತ್ತುರಾಜನ ಕರೆ ಬರಲು ಇನ್ನೂ ಹೊತ್ತಿತ್ತು. ಅಳತೆ ಸರಿಯಾಗಿದೆ ಎಂಬ ಧೈರ್ಯದಲ್ಲಿ ಸಾಕ್ಷಿ ಕಾಲೇಜಿನ ಬರವಣಿಗೆ ಸ್ವಲ್ಪ ಮುಗಿಸಿಕೊಂಡಳು. ಕರೆ ಬಂದಾಗ ಅರವತ್ತಕ್ಕಿಂತ ಹೆಚ್ಚು ಉಳಿದಿತ್ತು. ಆರಾಮಾಗಿ ಮಾತಾಡು ಎಂದು ಹೇಳಿ, ಅಜ್ಜಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು.

ಪರದೆಯ ತುಂಬ ಅಕ್ಕ. ಮೂಗಿನ ಮೇಲೆ ಮಾಸ್ಕು, ಕೈಗೆ ನಳಿಕೆ, ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನಿಲ್ಲ. ಆದರೆ ಕೈಗಳು ಅವೇ. ಲಕ್ಕವ್ವ ಮೊದಲು ತಂಗಿಯ ತಲೆ ತೋರಿಸಿ, ನಿನ್ನ ಕೂದಲು ನನಗಿಂತ ಬೆಳ್ಳಗಾಗಿದೆ ಎಂದು ಅಣಕಿಸಿದಳು. ಗುಂಡವ್ವ ನಕ್ಕಳು. ಕಾಲು ಹೇಗಿದೆ ಎಂದು ಕೇಳಿದಳು ಅಕ್ಕ. ತಂಗಿ ಸೀರೆ ಸರಿಸಿ ಹೊಲಿಗೆಯ ಗುರುತು ತೋರಿಸಿ, ಎರಡು ಬೆರಳುಗಳನ್ನು ಹಾಸಿಗೆಯ ಮೇಲೆ ಕುಂಟುತ್ತಾ ನಡೆಸಿದಳು. ಮಾಸ್ಕಿನೊಳಗೆ ಅಕ್ಕನೂ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಯಶೋಧಾ ಅಲ್ಲಿ ನಿಲ್ಲಲಾಗದೆ ಒಳಗೆ ಹೋದಳು.

ಆಮೇಲೆ ಲಕ್ಕವ್ವ ದಣಿದು ಕಣ್ಣು ಮುಚ್ಚಿದಳು. ತೆರೆದಾಗ ಅವಳ ಮುಖ ಬೇರೆಯಾಗಿತ್ತು. ನಳಿಕೆ ಚುಚ್ಚಿದ ಬಲಗೈಯನ್ನು ಕಷ್ಟಪಟ್ಟು ಎತ್ತಿದಳು, ಮುಷ್ಟಿ ಮಾಡಿದಳು, ಎಡ ಅಂಗೈಯ ಮೇಲಿಟ್ಟಳು. ಗುಂಡವ್ವ ಆ ಸನ್ನೆಯನ್ನು ತವರು ಬಿಟ್ಟ ಮೇಲೆ ನೋಡಿಯೇ ಇರಲಿಲ್ಲ. ಲಕ್ಕವ್ವ ಗದ್ದ ಮೇಲೆತ್ತಿ ಅವಳನ್ನೇ ನೋಡುತ್ತ ಕಾದಳು. ಗುಂಡವ್ವ ಅಂಗೈ ಒರೆಸಿಕೊಂಡು ಎತ್ತುವಷ್ಟರಲ್ಲಿ ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಅವಳಿಗೆ ಕಂಡದ್ದು ಅವಳದೇ ಮುಖ, ಅವಳದೇ ಬರಿ ಅಂಗೈ.

ಸಾಕ್ಷಿ ಓಡಿ ಬಂದಳು. ನಲವತ್ತು ತೋರಿಸುತ್ತಿತ್ತು, ಈಗಷ್ಟೇ ನೋಡಿದ್ದೆ ಎಂದು ಬಡಬಡಿಸುತ್ತ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಮೊಬೈಲಿನಿಂದ ಕರೆ ಹಚ್ಚಿದಳು. ಅಷ್ಟರಲ್ಲಿ ಹೊತ್ತು ಮುಗಿಯಿತೆಂದು ಮುತ್ತುರಾಜನನ್ನು ಫೋನ್ ಸಮೇತ ಹೊರಗೆ ಕಳಿಸಿದ್ದರು. ಗುಂಡವ್ವ ಎತ್ತಿದ ಕೈಯನ್ನು ಮಡಿಲಿಗೆ ತಂದು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಮರುದಿನ ಬೆಳಕು ಹರಿಯುವ ಮೊದಲೇ ಲಕ್ಕವ್ವ ತೀರಿಕೊಂಡ ಸುದ್ದಿ ಬಂತು. ಲಚ್ಯಾಣದಲ್ಲಿ ಮಣ್ಣಾಯಿತು. ಗುರುನಾಥ, ಯಶೋಧಾ ಹೋಗಿ ಬಂದರು. ಗುಂಡವ್ವ ಮಂಚದ ಮೇಲೆಯೇ ಅತ್ತಳು.

ಕಾರ್ಯವೆಲ್ಲ ಮುಗಿದ ಮೇಲೆ ಮುತ್ತುರಾಜ ಚಿಕ್ಕಮ್ಮನನ್ನು ನೋಡಲು ಬಂದ. ಒಂದು ವಿಷಯ ತಲೆ ತಿನ್ನುತ್ತಿದೆ ಎಂದ. ಅವ್ವನ ಸನ್ನೆಗಳೆಲ್ಲ ಅವನಿಗೆ ಗೊತ್ತು, ಅವುಗಳಲ್ಲೇ ಬೆಳೆದವನು. ಇದೊಂದನ್ನು ಮಾತ್ರ ಅವನು ಹಿಂದೆಂದೂ ನೋಡಿರಲಿಲ್ಲ. ಅವನು ಬಲಗೈ ಮುಷ್ಟಿ ಮಾಡಿ ಎಡ ಅಂಗೈಯ ಮೇಲಿಟ್ಟು, ಗದ್ದ ಮೇಲೆತ್ತಿದ.

“ಸಂಜೀ ಮುಂದ ನನ್ನ ಒಳಗ ಬಿಟ್ರು ಚಿಗವ್ವ. ಆವಾಗೂ ಇದನ್ನ ಮಾಡಾಕತ್ತಿದ್ಲು, ಬಾಗಲಾ ನೋಡಿ ನೋಡಿ. ನೀರು ಕೊಟ್ರ ಒಲ್ಲೆ ಅಂದ್ಲು. ಕಣ್ಣ ಮುಚ್ಚಲೇ ಇಲ್ಲ. ಏನ ಬೇಡತಿದ್ಲ ನಮ್ಮವ್ವ?”

“ಏನೂ ಬೇಡಲಿಲ್ಲಪ್ಪ,” ಎಂದಳು ಗುಂಡವ್ವ. “ಉಂಡ್ಯಾ ಅಂತ ಕೇಳ್ಯಾಳ ನನ್ನ.”

ಅಕ್ಕ ಅಷ್ಟು ಹೊತ್ತು ಕೇಳುತ್ತಲೇ ಇದ್ದಳೆಂದು ಗುಂಡವ್ವನಿಗೆ ಗೊತ್ತಿರಲಿಲ್ಲ. ಅಕ್ಕ ಹೇಗೋ ಅರ್ಥ ಮಾಡಿಕೊಂಡು ಮಲಗಿರಬೇಕು ಎಂದು ಇಷ್ಟು ದಿನ ಮನಸ್ಸಿಗೆ ಹೇಳಿಕೊಂಡಿದ್ದಳು. ಒಂದು ಅಂಗೈ ತಿರುಗಿಸಿ ತೋರಿಸುವುದಿತ್ತು, ಅಷ್ಟೇ. ಅದು ಸಿಗದೆ ಕಣ್ಣು ತೆರೆದೇ ಕಾದಿದ್ದಾಳೆ ಅವಳು.

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಸಾಕ್ಷಿ ಬಿಕ್ಕತೊಡಗಿದಳು. ತಪ್ಪು ನನ್ನದು, ಅವತ್ತು ಬೆಳಿಗ್ಗೆ ಕಾಲೇಜಿನ ಕೆಲಸಕ್ಕೆ ಕೂರಬಾರದಿತ್ತು ಎಂದಳು. ಆ ದಿನದಿಂದ ಹುಡುಗಿ ಸರಿಯಾಗಿ ಊಟ ಮಾಡದೆ ಸೊರಗಿದ್ದು ಏಕೆಂದು ಗುಂಡವ್ವನಿಗೆ ಈಗ ತಿಳಿಯಿತು. ತನ್ನ ಸುಳ್ಳನ್ನು ಈ ಕೂಸು ಹೊತ್ತು ತಿರುಗುತ್ತಿದೆ.

“ನಿಂದಲ್ಲವ್ವ ತಪ್ಪ. ಅದು ಆರಿದ್ದಿಲ್ಲ. ನಡುವ ನಾನ ಚುಚ್ಚಿದೆ. ತಳಾ ಮುಟ್ಟಾಕ ಬಿಡಲಿಲ್ಲ ನಾ.”

ಸಾಕ್ಷಿ ಅಜ್ಜಿಯನ್ನು ನೋಡಿದಳು. ಕಣ್ಣೊರೆಸಿಕೊಂಡು ಹೊರಗೆ ಹೋದಳು. ಮುತ್ತುರಾಜ ಚಿಕ್ಕಮ್ಮನ ಕೈ ಹಿಡಿದು ಕೂತ, ಅವಳು ಬಿಡಿಸಿಕೊಂಡಳು. ಎರಡು ದಿನ ಮೊಮ್ಮಗಳು ಅಜ್ಜಿಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಸಿಟ್ಟು ಬರಬೇಕಾದದ್ದೇ, ಗುಂಡವ್ವ ಅದನ್ನು ಬೇಡವೆನ್ನಲಿಲ್ಲ.

ಮೂರನೆಯ ದಿನ ರಜೆ. ಸಾಕ್ಷಿ ಲ್ಯಾಪ್‌ಟಾಪ್ ತುಂಬಿಸಿ ತಂದು ಅದೇ ಸ್ಟೂಲಿನ ಮೇಲಿಟ್ಟಳು. ಮತ್ತೆ ಭಜನೆ ಹಚ್ಚಿ, ವಾಯರನ್ನು ಅಜ್ಜಿಯ ಕೈಗೆಟಕುವಲ್ಲೇ ಬಿಟ್ಟು, ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತಳು. ಗುಂಡವ್ವ ದಿನವೆಲ್ಲ ಎದುರಿಗೇ ಕೂತಿದ್ದಳು. ಯಶೋಧಾ ಚಹಾ ತಂದುಕೊಟ್ಟಳು. ಪರದೆ ಮಸುಕಾಯಿತು, ಮೂಲೆಯಲ್ಲಿ ಕೆಂಪಗೆ ಮಿಣುಕಿತು. ಗುಂಡವ್ವನ ಕೈ ಒಮ್ಮೆ ವಾಯರಿನ ಕಡೆ ಹೋಯಿತು. ಸಾಕ್ಷಿ ನೋಡಿ, ಕಣ್ಣನ್ನು ಮತ್ತೆ ಪುಸ್ತಕಕ್ಕೆ ಇಳಿಸಿದಳು. ಕೈ ಹಿಂದಕ್ಕೆ ಬಂತು. ಭಜನೆ ಅರ್ಧ ಸಾಲಿನಲ್ಲಿ ನಿಂತು ಪರದೆ ಆರಿತು.

ಗುಂಡವ್ವ ಪಕ್ಕದಲ್ಲಿದ್ದ ಕಪ್ಪೆತ್ತಿ ಆರಿದ ಚಹಾವನ್ನು ಕಡೆಯ ಗುಟುಕಿನ ತನಕ ಕುಡಿದಳು. ಕಪ್ಪು ಕೆಳಗಿಟ್ಟು ಅಂಗೈಯನ್ನು ಅಂಗೈಯಿಂದ ಒರೆಸಿಕೊಂಡಳು. ಆಮೇಲೆ ಅದನ್ನು ಕಪ್ಪು ಪರದೆಯ ಕಡೆ ತಿರುಗಿಸಿ, ಅಕ್ಕನಿಗೆ ಚೆನ್ನಾಗಿ ಕಾಣಲೆಂದು, ಬಹಳ ಹೊತ್ತು ಹಿಡಿದಳು.

ಸಾಕ್ಷಿ ಎದ್ದು ಬಂದು ಅವಳ ಪಕ್ಕ ಕೂತಳು. ವಾಯರ್ ಚುಚ್ಚಲೇ ಎಂದು ಮೆಲ್ಲಗೆ ಕೇಳಿದಳು.

“ಈಗ ಬ್ಯಾಡ,” ಎಂದಳು ಗುಂಡವ್ವ. “ಸ್ವಲ್ಪ ಮಲಗಲಿ.”