ಬೇಳೆ ಬೇಯಿಸದ ಕುಕ್ಕರು

ನಾನು ಐದು ಲೀಟರಿನ ಒಂದು ಪ್ರೆಶರ್ ಕುಕ್ಕರು. ಯಾರನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ಹೇಗೆ ನಂಬಲಿ? ಹುಟ್ಟಿದ ದಿನವೇ ಕಾರ್ಖಾನೆಯಲ್ಲಿ ನನ್ನ ಬಾಯಿ ಬಿಗಿದು, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎಲ್ಲಾದರೂ ಗುಳ್ಳೆ ಏಳುತ್ತದೇನೋ ಎಂದು ಒಬ್ಬ ಕನ್ನಡಕದವನು ನೋಡುತ್ತಾ ಕೂತಿದ್ದ. ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ಆ ಪುಣ್ಯಾತ್ಮ ಇನ್ನೊಂದು ಸಲ ಮುಳುಗಿಸಿದ. ಅವತ್ತು ಅವನಿಂದ ಕಲಿತ ಅನುಮಾನ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ವನಜಾಕ್ಷಿಯ ಮದುವೆಗೆ ಅವಳ ಸೋದರಮಾವ ನನ್ನನ್ನು ಉಡುಗೊರೆ ಕೊಟ್ಟ. ಅಂಗಡಿಯಲ್ಲೇ ನನ್ನ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆಸಿದ. ಆ ಹೆಸರು ಹೊತ್ತುಕೊಂಡು ನಾನು ಮರಳುಸಂದ್ರದ ಪಿಳ್ಳಮ್ಮನ ಮನೆ ಸೇರಿದೆ. ಪಿಳ್ಳಮ್ಮ ವನಜಾಕ್ಷಿಯ ಅತ್ತೆ.

ಮನೆಯೊಳಗೆ ಕಾಲಿಟ್ಟಾಗಲೇ ಏನೋ ಕೊಳೆತ ವಾಸನೆ ಬಡಿಯಿತು. ಊರಿನ ಹಿಂದೆ ನೀಲಗಿರಿ ತೋಪು, ತೋಪಿನ ಹಿಂದೆ ಹಳೆಯ ಕಲ್ಲುಕ್ವಾರಿ. ಹನ್ನೆರಡು ವರ್ಷದಿಂದ ನಗರದ ಕಸವನ್ನು ಲಾರಿಗಳು ಅಲ್ಲಿ ಸುರಿದೂ ಸುರಿದೂ, ಗುಂಡಿ ಇದ್ದ ಜಾಗದಲ್ಲಿ ಗುಡ್ಡ ಎದ್ದಿದೆ. ಮಳೆ ಬಂದರೆ ಅದರ ಬುಡದಿಂದ ಕಪ್ಪು ರಸ ಒಸರಿ ಹೊಲಕ್ಕೆ ಇಳಿಯುತ್ತದೆ. ಮದುವೆಗೆ ಮುಂಚೆ ಮನೆ ನೋಡಲು ಬಂದ ಹೆಣ್ಣಿನ ಕಡೆಯವರು ಮೂಗು ಮುಚ್ಚಿಕೊಂಡಾಗ ಪಿಳ್ಳಮ್ಮ, "ಕೋಳಿ ಫಾರಂದು ಕಣ್ರಮ್ಮ, ಗಾಳಿ ಈ ಕಡೆ ಬೀಸಿದ್ರೆ ಅಷ್ಟೇಯ" ಅಂದಿದ್ದಳಂತೆ. ಆ ಊರ ಸುತ್ತ ಒಂದೇ ಒಂದು ಕೋಳಿ ಫಾರಂ ಇದ್ದರೆ ಕೇಳಿ.

ಮೊದಲ ದಿನ ತೊಗರಿಬೇಳೆ ಹಾಕಿದರು. ಮೂರು ಸೀಟಿ ಹೊಡೆದೆ, ಬೇಯಲಿಲ್ಲ. ಐದು ಹೊಡೆದೆ, ಆರು ಹೊಡೆದೆ. ಮುಚ್ಚಳ ತೆಗೆದರೆ ಬೇಳೆ ಬೇಳೆಯಾಗಿಯೇ ಕೂತಿತ್ತು!

"ಏನಮ್ಮಿ, ನಿಮ್ಮಪ್ಪನ ಮನೇಲಿ ಬೇಳೆ ಬೇಯ್ಸೋದೂ ಹೇಳ್ಕೊಡ್ಲಿಲ್ವಾ?" ಎಂದಳು ಪಿಳ್ಳಮ್ಮ.

ಸೊಸೆಯ ಕಣ್ಣು ತುಂಬಿದ್ದು ನೋಡಿ ಅತ್ತೆ ನನ್ನ ಕಡೆ ತಿರುಗಿದಳು. "ಕುಕ್ಕರೇ ಡಕೋಟ. ಸೋದರಮಾವ ಅಗ್ಗಕ್ಕೆ ತಂದವ್ನೆ."

ನೋಡಿ, ಹೀಗೆ ನನ್ನ ತಲೆ ಮೇಲೆ ಗೂಬೆ ಕೂರಿಸಿದರು. ಗ್ಯಾಸ್ಕೆಟ್ ಬದಲಾಯಿಸಿದರು, ಸೀಟಿ ಬದಲಾಯಿಸಿದರು, ಬೇಳೆಗೆ ಸೋಡಾಪುಡಿ ಹಾಕಿದರು. ಊರಿನ ಬೋರ್‌ವೆಲ್ಲಿನ ನೀರಿನ ಸುದ್ದಿಗೆ ಮಾತ್ರ ಯಾರೂ ಹೋಗಲಿಲ್ಲ. ಆ ನೀರು ನನ್ನ ಹೊಟ್ಟೆಗೆ ಬಿದ್ದ ಕೂಡಲೇ ನನಗೆ ಅನುಮಾನ. ತಿಳಿಹಳದಿ ಬಣ್ಣ, ಮೇಲೆ ಎಣ್ಣೆಯಂಥ ಪೊರೆ, ಸೋಪು ಉಜ್ಜಿದರೆ ನೊರೆಯಿಲ್ಲ. ಇನ್ನೊಂದು ಮಾತು. ಸೊಸೆ ನನಗೆ ನೀರು ತುಂಬುವಾಗಲೆಲ್ಲ ಪಿಳ್ಳಮ್ಮ ಮುಖ ಆ ಕಡೆ ತಿರುಗಿಸುತ್ತಿದ್ದಳು. ಈ ಹೆಂಗಸು ಏನೋ ಮುಚ್ಚಿಡುತ್ತಿದ್ದಾಳೆ ಅಂತ ನನಗೆ ಆಗಲೇ ಅನ್ನಿಸಿತ್ತು.

ವನಜಾಕ್ಷಿ ಬಾಣಂತನಕ್ಕೆ ತವರಿಗೆ ಹೊರಟಾಗ ನನ್ನನ್ನೂ ರಿಪೇರಿಗೆಂದು ಚೀಲಕ್ಕೆ ಹಾಕಿಕೊಂಡಳು. ಅಲ್ಲಿ ಅವಳ ತಾಯಿ ಅದೇ ತೊಗರಿಬೇಳೆಯನ್ನು ತಮ್ಮ ಬಾವಿ ನೀರಲ್ಲಿ ಇಟ್ಟರು. ಮೂರೇ ಸೀಟಿ! ಬೇಳೆ ಬೆಣ್ಣೆಯ ಹಾಗೆ ಕರಗಿತ್ತು. ನನಗಾದ ಸಂತೋಷ ಹೇಳತೀರದು.

"ಇದಕ್ಕೇನಾಗೈತೆ? ಚಿನ್ನದಂಗೈತಲ್ಲೇ" ಎಂದು ತಾಯಿ ನಕ್ಕರು. ವನಜಾಕ್ಷಿ ನಗಲಿಲ್ಲ. ಬೆರಳಲ್ಲಿ ಬೇಳೆ ಹಿಚುಕಿ ಹಿಚುಕಿ ನೋಡಿದಳು.

ಹೆಣ್ಣುಮಗು ಹುಟ್ಟಿತು. ತವರಿನಲ್ಲಿದ್ದ ಐದು ತಿಂಗಳೂ ಮಗುವಿನ ಮೈ ನುಣ್ಣಗೆ ಹೊಳೆಯುತ್ತಿತ್ತು. ಮರಳುಸಂದ್ರಕ್ಕೆ ಬಂದು ಹತ್ತು ದಿನ ಸ್ನಾನ ಮಾಡಿಸಿದ್ದೇ ತಡ, ಬೆನ್ನ ತುಂಬ ಕೆಂಪು ಗುಳ್ಳೆ. ಮಗು ಕೆರೆದುಕೊಳ್ಳಲೂ ಬಾರದೆ ಅಳುತ್ತಿತ್ತು. "ದೃಷ್ಟಿಯಾಗೈತೆ" ಎಂದು ಪಿಳ್ಳಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಗುಳ್ಳೆ ಹೋಗಲಿಲ್ಲ. ಸೊಸೆ ಅತ್ತೆಯನ್ನೇ ದಿಟ್ಟಿಸಿ ನೋಡುವುದು ಶುರುವಾಯಿತು.

ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಪಿಳ್ಳಮ್ಮನ ಕಿರಿಮಗ ಕೆಂಪರಾಜನಿಗೆ ಸಂಬಂಧ ಕೂಡಿಬಂತು. ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ ಬೆಳಿಗ್ಗೆಯೇ ಪಿಳ್ಳಮ್ಮ ಪೇಟೆಯಿಂದ ಎರಡು ಕ್ಯಾನ್ ನೀರು ತರಿಸಿದಳು.

"ನಮ್ಮವ್ರು ಬಂದಾಗ್ಲೂ ಕ್ಯಾನ್ ನೀರಲ್ಲೇ ಅಡ್ಗೆ ಮಾಡಿದ್ರಾ ಅತ್ತೆ?" ಎಂದಳು ವನಜಾಕ್ಷಿ.

ಪಿಳ್ಳಮ್ಮ ತಲೆ ತಗ್ಗಿಸಿದಳು. "ಏನ್ಮಾಡ್ಲಮ್ಮಿ? ಇಂಥ ನೀರು ಅಂತ ಗೊತ್ತಾದ್ರೆ ಈ ಊರಿಗೆ ಯಾರು ಹೆಣ್ಣು ಕೊಡ್ತಾರೆ? ನಿಂಗೇ ಹೇಳಿದ್ರೆ ನೀನು ಬತ್ತಿದ್ಯಾ?"

ವನಜಾಕ್ಷಿ ಕ್ಯಾನುಗಳನ್ನು ಮಗುವಿನ ಸ್ನಾನಕ್ಕೆಂದು ಬಚ್ಚಲಿಗೆ ಸಾಗಿಸಿ, ನನಗೆ ಬೋರ್‌ವೆಲ್ಲಿನ ನೀರು ತುಂಬಿದಳು. ಅವತ್ತು ನಾನು ಹೊಡೆದಷ್ಟು ಸೀಟಿ ಯಾವತ್ತೂ ಹೊಡೆದಿಲ್ಲ.

ಊಟಕ್ಕೆ ಕೂತ ಹೆಣ್ಣಿನ ತಾಯಿ ಸಾರಿನ ಬೇಳೆಯನ್ನು ಕಡಿದು ತಲೆ ಎತ್ತಿದರು. ಪಿಳ್ಳಮ್ಮ ಗಾಬರಿಯಿಂದ, "ಕುಕ್ಕರ್ ಹಳೇದಾಯ್ತು ಕಣ್ರಮ್ಮ" ಎಂದಳು. ಮತ್ತೆ ನಾನೇ! ಸೊಸೆ ಮಗುವನ್ನೆತ್ತಿಕೊಂಡು ಬಂದು, ಅಂಗಿ ಸರಿಸಿ ಬೆನ್ನು ತೋರಿಸಿದಳು.

"ಕುಕ್ಕರ್ ಸರಿಯಾಗೈತೆ ಅಮ್ಮ. ನಮ್ಮೂರ್ ನೀರು ಸರಿಯಿಲ್ಲ. ನಂಗೆ ಯಾರೂ ಹೇಳಿರಲಿಲ್ಲ. ನಿಮ್ಮ ಮಗಳಿಗೆ ನೀವು ಹೇಳಿ."

ನೆಂಟರು ಕೈ ತೊಳೆದು ಎದ್ದುಹೋದರು. ಕೆಂಪರಾಜ ಬಾಗಿಲಿಗೆ ಒದ್ದು ಹೊರನಡೆದ. ಈಗ ಪಿಳ್ಳಮ್ಮ ನನ್ನನ್ನೆತ್ತಿ ಬೀದಿಗೆ ಎಸೆಯುತ್ತಾಳೆ ಎಂದುಕೊಂಡೆ. ಅವಳು ಹಿತ್ತಲಿಗೆ ಒಯ್ದು ಹುಣಸೆಹಣ್ಣು ಹಾಕಿ ಉಜ್ಜತೊಡಗಿದಳು. ನನ್ನ ಹೊಟ್ಟೆಯೊಳಗೆ ಹಳದಿ ಹಕ್ಕಳೆ ಗಟ್ಟಿಯಾಗಿ ಕೂತಿತ್ತು, ಉಗುರಿನಿಂದ ಕೆರೆದರೂ ಏಳಲಿಲ್ಲ. ಅದನ್ನೇ ನೋಡುತ್ತಾ ಪಿಳ್ಳಮ್ಮ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ವರ್ಷಗಳಿಂದ ಅಲ್ಲಿ ನೋವು. ಪಿತ್ತ ಪಿತ್ತ ಎಂದು ಜೀರಿಗೆ ಕಷಾಯ ಕುಡಿಯುತ್ತಿದ್ದಳು.

ಮರುದಿನ ನನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ತಾಲ್ಲೂಕಿನ ಬಸ್ಸು ಹತ್ತಿದಳು. ಮಗುವನ್ನೆತ್ತಿಕೊಂಡು ವನಜಾಕ್ಷಿಯೂ ಹಿಂದೆಯೇ ಹತ್ತಿದಳು. ಕಚೇರಿಯಲ್ಲಿ ಸಾಹೇಬರ ಮೇಜಿನ ಮೇಲೆ ನನ್ನನ್ನಿಟ್ಟು ಪಿಳ್ಳಮ್ಮ ಮುಚ್ಚಳ ತೆಗೆದಳು.

"ಇದ್ರ ಹೊಟ್ಟೆ ನೋಡಿ ಸ್ವಾಮಿ. ಮೂರೇ ವರ್ಷಕ್ಕೆ ಹಿಂಗಾಗೈತೆ. ನಾನು ಹನ್ನೆರಡು ವರ್ಷದಿಂದ ಕುಡೀತಿವ್ನಿ. ಈ ಕೂಸು ಇನ್ನೆಷ್ಟು ವರ್ಷ ಕುಡೀಬೇಕು?"

ಅವತ್ತಿನಿಂದ ನನ್ನ ವಾಸ ಇದೇ ಕಚೇರಿಯ ಕಡತದ ಬೀರುವಿನ ಮೇಲೆ. ದೂರಿಗೆ ಸಾಕ್ಷಿಯೆಂದು ಹಿಡಿಗೆ ಒಂದು ಚೀಟಿ ಕಟ್ಟಿದ್ದಾರೆ. ಊರಿಗೆ ವಾರಕ್ಕೆರಡು ಸಲ ಟ್ಯಾಂಕರ್ ಬರುತ್ತಿದೆಯಂತೆ. ಆ ನೀರು ಎಲ್ಲಿಂದ ತರುತ್ತಾರೋ, ನನಗೆ ಅದರ ಮೇಲೂ ಅನುಮಾನವೇ. ಬೋರ್‌ವೆಲ್ಲಿನ ನೀರು ಪರೀಕ್ಷೆಗೆ ಹೋಗಿದೆ, ವರದಿ ಬಂದಿಲ್ಲ. ಲಾರಿಗಳು ಮಾತ್ರ ಒಂದು ದಿನವೂ ನಿಂತಿಲ್ಲ.

ಪ್ರತಿ ಸೋಮವಾರ ಪಿಳ್ಳಮ್ಮ ಬರುತ್ತಾಳೆ. ವರದಿ ಬಂತಾ ಎಂದು ಕೇಳುತ್ತಾಳೆ, ಆಮೇಲೆ ನನ್ನನ್ನು ಕೆಳಗಿಳಿಸಿ, ಒಳಗಿನ ಹಕ್ಕಳೆಯನ್ನು ಯಾರಾದರೂ ಕೆರೆದುಹಾಕಿದ್ದಾರೇನೋ ಎಂದು ನೋಡುತ್ತಾಳೆ. ಅವಳಿಗೂ ಈಗ ನನ್ನ ಹಾಗೆಯೇ ಯಾರ ಮೇಲೂ ನಂಬಿಕೆಯಿಲ್ಲ.

ಮೊನ್ನೆ ಗುಮಾಸ್ತ ನಕ್ಕ. "ಅಜ್ಜಿ, ಈ ಡಕೋಟ ಕುಕ್ಕರ್ ಯಾಕೆ ಕಾಯ್ತೀಯ? ಹೊಸದು ತಗೋಬಾರ್ದಾ?"

ಪಿಳ್ಳಮ್ಮ ಸೆರಗಿನಿಂದ ನನ್ನ ಮುಚ್ಚಳದ ಧೂಳು ಒರೆಸಿದಳು.

"ಡಕೋಟ ಅನ್ಬೇಡ ಕಣಪ್ಪ. ನಮ್ಮನೇಲಿ ಮೊದಲ್ನೇ ದಿನದಿಂದ ನಿಜ ಹೇಳ್ತಿದ್ದಿದ್ದು ಇದೊಂದೇಯ."